ಬೀಗ ರಿಪೇರಿಯವನ ಮೊದಲ ಪಾಠ

ನನ್ನ ಹೊಲಿಗೆ ಅಂಗಡಿಗೂ ಅವನ ಬೀಗದ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಆ ಕಡೆ ಅವನು ಕೆಮ್ಮಿದರೆ ಈ ಕಡೆ ನನ್ನ ದಾರದ ಉಂಡೆ ಉರುಳುತ್ತದೆ. ಹಾಗಾಗಿ ಅವನ ವಿಷಯದಲ್ಲಿ ನಾನು ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಹಲಗೆ ಹೇಳಿದ್ದು. ಕದ್ದು ಕೇಳಿದಳು ಎಂದು ಯಾರೂ ಅನ್ನಬೇಡಿ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ, ಅದು ನನ್ನ ತಪ್ಪಲ್ಲ.

ಬೀದಿಯವರು ಅವನಿಗೆ ಇಟ್ಟ ಹೆಸರು ಸಂಶಯಪ್ಪ. ನನಗಿಂತ ಸ್ವಲ್ಪ ಚಿಕ್ಕವನು, ಅದಕ್ಕೇ ಏಕವಚನ. ಎಲ್ಲ ಅಂಗಡಿಯವರೂ ಬೀದಿಗೆ ಮುಖ ಮಾಡಿ ಕೂತರೆ ಇವನು ಬೆನ್ನು ಮಾಡಿ ಕೂರುತ್ತಾನೆ. ಎದುರಿನ ಮೊಳೆಗೆ ಒಂದು ಕ್ಷೌರದ ಕನ್ನಡಿ ನೇತುಹಾಕಿದ್ದಾನೆ. ಯಾರು ಬಂದರು, ಯಾರು ಹೋದರು, ಯಾರು ತನ್ನ ಕೈಯ ಕಡೆ ಬಗ್ಗಿ ನೋಡುತ್ತಿದ್ದಾರೆ ಎಂಬುದನ್ನೆಲ್ಲ ಅದರಲ್ಲೇ ನೋಡುತ್ತಾನೆ. ಗಿರಾಕಿ ಬಂದು ಕೀ ಕಳೆದುಹೋಗಿದೆ ಎಂದರೆ ಇವನ ಮೊದಲ ಪ್ರಶ್ನೆ, ‘ಬೀಗ ನಿಮ್ಮದೇ ಅನ್ನೋಕೆ ಏನು ಸಾಕ್ಷಿ?’ ಸಂಜೆ ಬಾಗಿಲು ಹಾಕಿ, ಬೀಗ ಜಗ್ಗಿ ನೋಡಿ, ನಲ್ಲಿಯ ತನಕ ಹೋಗಿ, ಮತ್ತೆ ವಾಪಸ್ ಬಂದು ಜಗ್ಗುತ್ತಾನೆ. ನಾನು ಟೀ ತರಿಸಿಕೊಟ್ಟರೆ ನಾನು ಒಂದು ಗುಟುಕು ಕುಡಿಯುವ ತನಕ ಲೋಟ ಮುಟ್ಟುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದೇನೆ, ವಿಷ ಹಾಕುವುದಿದ್ದರೆ ಯಾವತ್ತೋ ಹಾಕುತ್ತಿದ್ದೆ.

‘ತಾ ಕಳ್ಳ ಪರರ ನಂಬ ಅಂತಾರೆ ಕಣೋ’ ಎಂದು ಒಮ್ಮೆ ರೇಗಿಸಿದೆ.

‘ಅಕ್ಕಾ, ಜನ ಒಬ್ಬರನ್ನೊಬ್ಬರು ನಂಬೋಕೆ ಶುರು ಮಾಡಿದ್ರೆ ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ’ ಎಂದ. ನಗಲಿಲ್ಲ. ಅವನು ಹೇಳಿದ್ದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವನ ಕಸುಬಿನಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಕಲಿಯಲು ಬಂದವರಿಗೆ ಮೊದಲು ಕಲಿಸುವುದು ಸುಳ್ಳು ಪಾಠ. ಕೀ ಕಳೆದ ಬೀಗಕ್ಕೆ ಹೊಸ ಕೀ ಮಾಡಬೇಕಾದರೆ, ಹಲ್ಲು ಕೊರೆಯದ ಒಂದು ಕೀಗೆ ಮೇಣದಬತ್ತಿಯ ಮಸಿ ಹಿಡಿಸಿ, ಬೀಗದೊಳಗೆ ತೂರಿಸಿ, ಮೆಲ್ಲಗೆ ತಿರುಗಿಸಿ ಹೊರಗೆ ತೆಗೆಯುತ್ತಾರೆ. ಒಳಗೆ ತಗುಲಿದ ಕಡೆ ಮಸಿ ಅಳಿಸಿ ಲೋಹ ಹೊಳೆಯುತ್ತದೆ. ಇವನು ಕಲಿಸುವುದು ಹೀಗೆ: ‘ಹೊಳೆದ ಕಡೆ ಬೀಗ ಕೀಯನ್ನ ಹಿಡ್ಕೊಂಡಿದೆ ಅಂತ ಅರ್ಥ. ಅದನ್ನ ಮುಟ್ಟಬೇಡ. ಮಸಿ ಉಳಿದ ಕಡೆ ಅರ ಹಾಕಿ ಸವೆಸು.’ ಕೇಳಿದರೆ ಸರಿ ಎನ್ನಿಸುತ್ತದೆ. ಆದರೆ ಹಾಗೆ ಅರ ಹಾಕಿದ ಕೀ ಎಷ್ಟು ಜನ್ಮ ತಿರುಗಿಸಿದರೂ ಯಾವ ಬೀಗವನ್ನೂ ತೆಗೆಯುವುದಿಲ್ಲ.

ಇದರಲ್ಲಿ ಒಂದು ಬಲೆ ಇದೆ. ಶಿಷ್ಯ ಒಂದು ದಿನ ಬಂದು, ‘ನೀವು ಹೇಳಿದ ಹಾಗೆ ಮಾಡಿದೆ, ಬೀಗ ತೆಗೀಲಿಲ್ಲ’ ಅಂದ ಕೂಡಲೇ ಇವನು ಕೇಳುತ್ತಾನೆ, ‘ಯಾವ ಬೀಗ?’ ಅಂಗಡಿಯ ಬೀಗ ಮುಟ್ಟಲು ಬಿಟ್ಟಿಲ್ಲ, ಹಾಗಾದರೆ ಹೊರಗೆ ಯಾರದ್ದೋ ಬೀಗದ ಮೇಲೆ ಪ್ರಯೋಗ ಮಾಡಿದ್ದಾನೆ ಎಂದಾಯಿತು. ಕಳ್ಳ ಸಿಕ್ಕಿಬಿದ್ದ. ಇವನ ಗುರು ಇವನನ್ನು ಹೀಗೇ ಪರೀಕ್ಷಿಸಿದ್ದನಂತೆ. ಇವನು ವರ್ಷಗಟ್ಟಲೆ ಬಾಯಿ ಬಿಡದೆ ಕೂತು ಪಾಸಾದನಂತೆ.

ಈ ಬಲೆಗೆ ಬಿದ್ದವನು ಒಬ್ಬನಿದ್ದ. ಹಿಂದೆ ಇವನ ಹತ್ತಿರ ಕೆಲಸಕ್ಕಿದ್ದ ಹುಡುಗ. ‘ತೆಗೀಲಿಲ್ಲ’ ಎಂದ. ‘ಯಾವ ಬೀಗ?’ ಎಂದ ಇವನು. ‘ನಮ್ಮಮ್ಮನ ಟ್ರಂಕಿನ ಬೀಗ. ಕೀ ಕಳೆದುಹೋಗಿತ್ತು, ತೆಗೆದುಕೊಡೋಣ ಅಂತ’ ಎಂದು ಹುಡುಗ ಅತ್ತ. ಅತ್ತದ್ದು ಹಲಗೆಯ ಈ ಕಡೆಗೂ ಕೇಳಿಸಿತು. ಇವನು ನಂಬಲಿಲ್ಲ, ಅವತ್ತೇ ಓಡಿಸಿದ. ಕಳ್ಳ ಎಂಬ ಹಣೆಪಟ್ಟಿ ಅಂಟಿದ ಮೇಲೆ ಅವನಿಗೆ ಯಾವ ವರ್ಕ್‌ಶಾಪಿನಲ್ಲೂ ಕೆಲಸ ಸಿಗಲಿಲ್ಲ. ಈಗ ಅವನೂ ನಡುವಯಸ್ಸಿನವನು. ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಇವರಿಬ್ಬರು ಎದುರುಬದುರಾದರೆ ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ನೆಲ ನೋಡುತ್ತಾನೆ.

ಇಂಥವನ ಅಂಗಡಿಗೆ ಒಂದು ದಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದರು. ಮೊದಲು ನನ್ನ ಹತ್ತಿರ ಬಂದಿದ್ದರು. ಹತ್ತನೇ ತರಗತಿಯ ಮಕ್ಕಳು ಯಾವ ಪಾಠ ಮಾಡಿದರೂ ‘ಇದರಿಂದ ಮುಂದೆ ಏನು ಉಪಯೋಗ ಸಾರ್?’ ಎಂದು ಕೇಳಿ ಕೇಳಿ ಅವರ ಜೀವ ತಿಂದಿದ್ದರಂತೆ. ಅದಕ್ಕೆ ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳನ್ನು ಒಂದೊಂದು ಕೆಲಸದ ಜಾಗಕ್ಕೆ ಕಳಿಸುವುದು, ತಮ್ಮ ಪಾಠ ಅಲ್ಲಿ ಎಲ್ಲಿ ಅಡಗಿದೆ ಎಂದು ಅವರೇ ಹುಡುಕುವುದು ಎಂಬ ಯೋಚನೆ. ನನಗೆ ಇಬ್ಬರು ಹುಡುಗಿಯರನ್ನು ಕೊಟ್ಟರು. ಒಪ್ಪಿದೆ. ಆದರೆ ಪುಕ್ಕಟೆ ಬರುವವರ ಮೇಲೆ ನನಗೂ ಒಂದು ಕಣ್ಣು ಇದ್ದೇ ಇತ್ತು, ಸುಳ್ಳೇಕೆ ಹೇಳಲಿ.

ಪಕ್ಕದಲ್ಲಿ ನಡೆದದ್ದು ಸಂದರ್ಶನವಲ್ಲ, ವಿಚಾರಣೆ.

‘ಯಾರು ಕಳಿಸಿದ್ದು ನಿಮ್ಮನ್ನ?’

‘ಯಾರೂ ಕಳಿಸಿಲ್ಲ. ನಾನೇ ಬಂದೆ.’

‘ತಾನಾಗೇ ಯಾರೂ ಬರಲ್ಲ ಮೇಷ್ಟ್ರೇ. ಬೀಗ ತೆಗೆಯೋದು ಕಲಿತ ಮಕ್ಕಳು ಮುಂದೆ ಏನಾಗ್ತಾರೆ, ಯೋಚನೆ ಮಾಡಿದ್ದೀರಾ?’

‘ಎಂಜಿನಿಯರ್ ಆಗಬಹುದು.’

‘ಕಳ್ಳರೂ ಆಗಬಹುದು. ಅದಕ್ಕೆ ಓದೂ ಬೇಡ.’

ಮೇಷ್ಟ್ರು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟರು. ಆದರೆ ಮುಂದಿನ ಶನಿವಾರ ಇವನ ತಂಗಿಯ ಮಗಳೇ ಚೀಲ ಹಿಡಿದು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ತೆಳ್ಳಗೆ, ನೆಟ್ಟಗೆ ಇದ್ದ ಅವಳನ್ನು ಎಲ್ಲರೂ ‘ಮೊಳೆ’ ಎಂದೇ ಕರೆಯುತ್ತಿದ್ದರು. ಹೊಡೆದಷ್ಟೂ ಒಳಗೆ ಇಳಿಯುವ ಸ್ವಭಾವ. ‘ಬೇರೆ ಎಲ್ಲರಿಗೂ ಜಾಗ ಸಿಕ್ತು ಮಾವ. ನನಗೆ ಯಂತ್ರದ ಕೆಲಸವೇ ಬೇಕು. ನೀನಲ್ಲದೆ ಇನ್ಯಾರಿದ್ದಾರೆ?’ ಎಂದಳು. ಹತ್ತನೇ ತರಗತಿ ಮುಗಿಸಿ ಯಂತ್ರ ಕಲಿಸುವ ಕಾಲೇಜಿಗೆ ಸೇರಬೇಕು ಎಂಬುದು ಅವಳ ಆಸೆ. ಗಂಡ ತೀರಿಕೊಂಡ ತಂಗಿ ಅಲ್ಲಿ ಇಲ್ಲಿ ಕೆಲಸ ಮಾಡಿ ಅವಳನ್ನು ಓದಿಸುತ್ತಿದ್ದಳು. ಸ್ವಂತ ರಕ್ತ, ಒಲ್ಲೆ ಎನ್ನಲಾಗಲಿಲ್ಲ. ಕನ್ನಡಿಯಲ್ಲಿ ಅವಳನ್ನು ಬಹಳ ಹೊತ್ತು ನೋಡಿ, ‘ಬಾ’ ಎಂದ.

ಸ್ವಂತ ರಕ್ತವಾದರೇನು, ಪಾಠ ಮಾತ್ರ ಅದೇ. ‘ಹೊಳೆದ ಕಡೆ ಮುಟ್ಟಬೇಡ. ಮಸಿ ಉಳಿದ ಕಡೆ ಅರ ಹಾಕು.’ ಹಲಗೆಯ ಈ ಕಡೆ ನನ್ನ ಮೈ ಉರಿದುಹೋಯಿತು. ಅಯ್ಯೋ ಪಾಪಿ, ಆ ಮಗುವಿಗೂ ಬಲೆ ಹಾಸಿದೆಯಾ!

ಶನಿವಾರಗಳು ಕಳೆದವು. ನನ್ನ ಹುಡುಗಿಯರು ತೋಳಿನ ಬುಡದ ತಿರುವಿಗೆ ಕೈವಾರ ಇಟ್ಟು ಅಳೆದು ಎರಡು ಪೋಲಕಗಳ ಬಟ್ಟೆ ಹಾಳು ಮಾಡಿದರು, ಮೂರನೆಯದನ್ನು ನನಗಿಂತ ಚೆನ್ನಾಗಿ ಕತ್ತರಿಸಿದರು. ಅವರು ಹೋದ ಮೇಲೆ ಗುಂಡುಪಿನ್ನು ಎಣಿಸಿ ನೋಡುವ ಚಟ ನನಗೂ ಹತ್ತಿತು. ಸಂಶಯ ಅಂಟುರೋಗ, ಹಲಗೆ ಗೋಡೆ ಅದನ್ನು ತಡೆಯುವುದಿಲ್ಲ.

ಒಂದು ಶನಿವಾರ ಮೊಳೆ ನನ್ನ ಅಂಗಡಿಗೆ ಬಂದು ನನ್ನ ಬೆರಳಿನ ಅಂಗುಸ್ತಾನ ತೆಗೆದುಕೊಂಡಳು. ಸೂಜಿ ಚುಚ್ಚದಿರಲಿ ಎಂದು ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿ ಅದು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

‘ಅಕ್ಕಾ, ಇದು ಈ ಒಂದು ಕಡೆ ಮಾತ್ರ ಯಾಕೆ ಹೊಳೀತಿದೆ?’

‘ಸೂಜಿ ಒತ್ತೋದು ಅಲ್ಲೇ ತಾನೆ. ಒತ್ತಿ ಒತ್ತಿ ಸವೆದಿದೆ.’

‘ಹಾಗಿದ್ರೆ ಹೊಳೆಯೋ ಜಾಗದಲ್ಲೇ ತಡೆ ಇರೋದು’ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ‘ಈ ವಾರ ಮೇಷ್ಟ್ರು ಘರ್ಷಣೆ ಪಾಠ ಮಾಡಿದ್ರು.’

‘ಏನದು?’

‘ಏನಿಲ್ಲ ಬಿಡಿ’ ಎಂದು ಅಂಗುಸ್ತಾನವನ್ನು ನನ್ನ ಬೆರಳಿಗೇ ಹಾಕಿ ಹೋದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಂಗುಸ್ತಾನ ವಾಪಸ್ ಬಂತಲ್ಲ ಎಂದಷ್ಟೇ ಸಮಾಧಾನ.

ಪರೀಕ್ಷೆ ಹತ್ತಿರ ಬಂದಾಗ ಆ ಗಲಾಟೆ ಎದ್ದಿತು. ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿದ್ದ ಸೂಕ್ಷ್ಮದರ್ಶಕ ಮಾಯ. ಬೀಗ ಮುರಿದಿಲ್ಲ, ಬಾಗಿಲು ಕಿತ್ತಿಲ್ಲ. ಯಾರೋ ಕೀ ಹಾಕಿ ತೆಗೆದು, ಮತ್ತೆ ಕೀ ಹಾಕಿ ಮುಚ್ಚಿದ್ದಾರೆ. ಇಡೀ ಶಾಲೆಯಲ್ಲಿ ಬೀಗದ ಕೆಲಸ ಬಲ್ಲವರು ಯಾರು? ಎಲ್ಲರ ಬೆರಳೂ ಮೊಳೆಯ ಕಡೆ ತಿರುಗಿತು. ಹೆಡ್‌ಮೇಡಂ ಅವಳ ತಾಯಿಯನ್ನು ಕರೆಸಿ, ‘ವಸ್ತು ತಂದುಕೊಟ್ರೆ ಸರಿ. ಇಲ್ಲದಿದ್ರೆ ಈ ಶಾಲೆಯಿಂದ ಪರೀಕ್ಷೆಗೆ ಕೂರಿಸಲ್ಲ’ ಎಂದುಬಿಟ್ಟರು.

ಸುದ್ದಿ ಬೀದಿಗೆ ಬಂದು ಬಿತ್ತು. ಬಡಗಿ ತನ್ನ ಹತ್ತಿರ ಬರುತ್ತಿದ್ದ ಹುಡುಗನ ಚೀಲ ತಡಕಿದ. ನನ್ನ ಹುಡುಗಿಯರ ಅಪ್ಪಂದಿರು, ‘ಹೊಲಿಗೆ ಕಲಿಯೋಕೆ ಶಾಲೆ ಯಾಕೆ? ಇದರ ಹಿಂದೆ ಏನೋ ಮಸಲತ್ತಿದೆ’ ಎಂದು ಮಕ್ಕಳನ್ನು ಕರೆದುಕೊಂಡು ಹೋದರು. ಮೇಷ್ಟ್ರ ಮುಖ ಬಾಡಿದ ಸೊಪ್ಪಿನಂತಾಯಿತು.

ತಂಗಿ ಅಳುತ್ತಾ ಮಗಳೊಂದಿಗೆ ಅಣ್ಣನ ಅಂಗಡಿಗೆ ಬಂದಳು. ನಾನು ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದೆ. ಈ ಸಲವಾದರೂ ಮನುಷ್ಯನ ಹಾಗೆ ಒಂದು ಮಾತಾಡುತ್ತಾನೆ ಎಂದುಕೊಂಡೆ.

‘ನಿಜ ಹೇಳು. ಯಾವ ಬೀಗ ಮುಟ್ಟಿದ್ದೀಯಾ?’ ಎಂದ.

‘ಯಾವುದೂ ಇಲ್ಲ ಮಾವ’ ಎಂದಳು ಮೊಳೆ. ಅವಳು ಅಳಲಿಲ್ಲ. ಅಳದಿದ್ದದ್ದೂ ಅವನಿಗೆ ಸಂಶಯವೇ. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ‘ನಿನ್ನ ಸುಳ್ಳು ಪಾಠ ಕಲಿತವಳು ಯಾವ ಬೀಗ ತೆಗೀತಾಳೋ ಮಹಾರಾಯ? ಅಷ್ಟನ್ನಾದ್ರೂ ಹೋಗಿ ಶಾಲೆಯಲ್ಲಿ ಹೇಳು’ ಎಂದು ಎಲ್ಲರ ಮುಂದೆ ಕೂಗಿಬಿಟ್ಟೆ. ಅವನು ಬೆಚ್ಚಿಬಿದ್ದ. ಹಲಗೆಯ ಕಡೆ ನೋಡಿದ, ನನ್ನ ಕಡೆ ನೋಡಿದ. ಮೊಳೆ ಮಾತ್ರ ತಲೆ ತಗ್ಗಿಸಿದಳು. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಹೆಡ್‌ಮೇಡಂ ಕೋಣೆಯಲ್ಲಿ ನಾವೆಲ್ಲ ಸೇರಿದ್ದೆವು. ಮೇಡಂ, ಮೇಷ್ಟ್ರು, ಪ್ರಯೋಗಾಲಯ ನೋಡಿಕೊಳ್ಳುವ ಅಟೆಂಡರ್, ತಾಯಿ ಮಗಳು, ಇವನು, ಇವನನ್ನು ಹೊರಡಿಸಿಕೊಂಡು ಬಂದ ನಾನು.

‘ಇವಳ ಕೈಯಲ್ಲಿ ಬೀಗ ತೆಗೆಯೋಕೆ ಆಗಲ್ಲ ಮೇಡಂ. ನಾನು ಕಲಿಸಿರೋದು ತಪ್ಪು ಪಾಠ’ ಎಂದ ಇವನು. ಸಾಕ್ಷಿ ಹೇಳಿದ ಹಾಗಿರಲಿಲ್ಲ, ಹಲ್ಲು ಕೀಳಿಸಿಕೊಂಡ ಹಾಗಿತ್ತು.

ಮೇಷ್ಟ್ರು ಕುರ್ಚಿಯಿಂದ ಎದ್ದರು. ‘ಇಷ್ಟು ಶನಿವಾರ ಈ ಮಗು ನಿಮ್ಮ ಹತ್ತಿರ ಕಲಿತದ್ದು ಸುಳ್ಳಾ?’

‘ನಮ್ಮ ಕಸುಬಿನ ಪದ್ಧತಿ ಮೇಷ್ಟ್ರೇ.’

‘ಬಾಯಿಮಾತು ಬೇಡ’ ಎಂದರು ಮೇಡಂ. ಬೀರುವಿನ ಬೀಗವನ್ನೇ ಅದರ ಕೀ ಸಮೇತ ತರಿಸಿ ಮೇಜಿನ ಮೇಲೆ ಇಟ್ಟರು. ‘ನಮ್ಮ ಕಣ್ಣೆದುರೇ ಮಾಡಿ ತೋರಿಸಲಿ.’ ಇವನು ಚೀಲದಿಂದ ಹಲ್ಲಿಲ್ಲದ ಕೀ, ಅರ, ಮೇಣದಬತ್ತಿ ತೆಗೆದ. ‘ನಾನು ಹೇಳಿಕೊಟ್ಟ ಹಾಗೇ ಮಾಡು’ ಎಂದು ಪ್ರತಿ ಅಕ್ಷರ ಒತ್ತಿ ಹೇಳಿದ.

ಲೆಕ್ಕ ಸುಲಭವಾಗಿತ್ತು. ಹೇಳಿಕೊಟ್ಟ ಹಾಗೆ ಮಾಡಿದರೆ ಬೀಗ ತೆಗೆಯುವುದಿಲ್ಲ, ಬೀಗ ತೆಗೆಯದಿದ್ದರೆ ಹುಡುಗಿ ಪಾರು. ಅವಳು ಕೀಗೆ ಮಸಿ ಹಿಡಿಸಿದಳು. ಬೀಗದೊಳಗೆ ತೂರಿಸಿ ತಿರುಗಿಸಿ ಹೊರಗೆ ತೆಗೆದಳು. ಕರಿ ಮಸಿಯ ನಡುವೆ ಎರಡು ಕಡೆ ಲೋಹ ಹೊಳೆಯುತ್ತಿತ್ತು. ಮಸಿ ಉಳಿದ ಕಡೆ ಅರ ಇಟ್ಟಳು. ಇಟ್ಟವಳು ಎಳೆಯಲಿಲ್ಲ. ಅಮ್ಮನ ಮುಖ ನೋಡಿದಳು. ಆಮೇಲೆ ಅರವನ್ನು ಎತ್ತಿಬಿಟ್ಟಳು.

‘ಮಾವ ಹೇಳಿಕೊಟ್ಟದ್ದು ತಪ್ಪು ಅಂತ ನನಗೆ ಗೊತ್ತು ಮೇಡಂ. ಘರ್ಷಣೆ ಪಾಠ ಆದಾಗಿನಿಂದ ಗೊತ್ತು. ಗೊತ್ತಿಲ್ಲದವಳ ಹಾಗೆ ನಾಟಕ ಆಡಿ ಪಾರಾಗೋದು ನನ್ನ ಕೈಯಲ್ಲಿ ಆಗಲ್ಲ.’

ಹೇಳಿ, ಹೊಳೆದ ಕಡೆ ಅರ ಹಾಕಿದಳು. ಮತ್ತೆ ಮಸಿ, ಮತ್ತೆ ತೂರಿಸುವುದು, ಮತ್ತೆ ಹೊಳೆದ ಕಡೆ ಅರ. ಕೋಣೆಯಲ್ಲಿ ಅರದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ತಂಗಿ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ನನ್ನ ಬೆರಳು ಮರಗಟ್ಟಿತು. ಕಡೆಗೆ ‘ಟಕ್’ ಎಂದಿತು. ಬೀಗ ಬಾಯಿ ತೆರೆಯಿತು.

‘ಆಯ್ತಲ್ಲ’ ಎಂದರು ಮೇಡಂ. ‘ಇನ್ನೇನು ಸಾಕ್ಷಿ ಬೇಕು?’

ತಂಗಿ ಕುಸಿದು ಕೂತಳು. ಇವನು ಮಗುವಿನ ಹತ್ತಿರ ಹೋದ. ನಾನು ಕಣ್ಣು ಮುಚ್ಚಿಕೊಂಡೆ. ಅವನು ಕೇಳುವ ಪ್ರಶ್ನೆ ನನಗೆ ಗೊತ್ತಿತ್ತು.

‘ಯಾವ ಬೀಗದ ಮೇಲೆ ಮಾಡಿ ನೋಡಿದ್ದೆ?’

‘ಯಾವುದರ ಮೇಲೂ ಇಲ್ಲ ಮಾವ. ತಲೆಯಲ್ಲೇ ನೋಡಿದ್ದು. ಕೈಯಲ್ಲಿ ಇವತ್ತೇ ಮೊದಲು.’

‘ಗೊತ್ತಾದಾಗ ನನಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನು ಇದೇ ಪ್ರಶ್ನೆ ಕೇಳ್ತಿದ್ದೆ.’

ಅವನು ಅವಳನ್ನು ನೋಡುತ್ತಾ ನಿಂತ. ಕನ್ನಡಿಯಲ್ಲಲ್ಲ, ನೇರವಾಗಿ. ಆಮೇಲೆ ಮೇಡಂ ಕಡೆ ತಿರುಗಿ, ‘ಇವಳು ಕದ್ದಿಲ್ಲ’ ಎಂದ.

‘ಹೇಗೆ ಹೇಳ್ತೀರಿ?’

‘ಪಾರಾಗೋ ಬಾಗಿಲನ್ನ ನಾನೇ ತೆಗೆದು ಕೊಟ್ಟಿದ್ದೆ ಮೇಡಂ. ಕಳ್ಳಿಯಾಗಿದ್ರೆ ಅದರಲ್ಲೇ ಹೋಗ್ತಿದ್ದಳು. ಇವಳು ಹೋಗಲಿಲ್ಲ.’ ಬೀಗ ಕೈಗೆತ್ತಿಕೊಂಡ. ಅವನ ಹಳೆಯ ಮುಖ ವಾಪಸ್ ಬಂತು. ‘ಅದಿರಲಿ. ಅಂಗಡಿಯಲ್ಲಿ ಬೀಗ ತಗೊಂಡ್ರೆ ಎರಡು ಕೀ ಕೊಡ್ತಾರೆ. ಒಂದು ಈ ಮೇಜಿನ ಮೇಲಿದೆ. ಇನ್ನೊಂದು?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಾನು ಕೇಳಿದ್ದೆ, ಕಣ್ಣಿಂದ ಕಂಡದ್ದು ಅವತ್ತೇ. ಅಟೆಂಡರ್ ಕೈ ಸೀದಾ ಜೇಬಿಗೆ ಹೋಯಿತು. ಎಲ್ಲರೂ ನೋಡಿದರು. ನೋಡಿದರು ಎಂದು ಅವನಿಗೂ ಗೊತ್ತಾಯಿತು.

‘ನಾನು ಕದ್ದಿಲ್ಲ ಮೇಡಂ! ಡ್ರಾಯಿಂಗ್ ಮೇಷ್ಟ್ರು ಕೇಳಿದ್ರು. ನಾನೇ ತೆಗೆದುಕೊಟ್ಟೆ. ಎರಡು ದಿನಕ್ಕೆ ತಂದಿಡ್ತೀನಿ ಅಂದೋರು ರಜೆ ಹಾಕಿ ಹೋಗಿಬಿಟ್ರು. ನಿಮ್ಮನ್ನ ಕೇಳದೆ ಕೊಟ್ಟಿದ್ದಕ್ಕೆ ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ.’

ಮೇಡಂ ಅಲ್ಲೇ ಫೋನ್ ಮಾಡಿದರು. ಡ್ರಾಯಿಂಗ್ ಮೇಷ್ಟ್ರ ದನಿ ಕೋಣೆಗೆಲ್ಲ ಕೇಳಿಸಿತು. ಅವರ ಸಂಭ್ರಮವೇ ಸಂಭ್ರಮ. ಹೌದಂತೆ, ಮನೆಯಲ್ಲೇ ಇದೆಯಂತೆ. ನೊಣದ ರೆಕ್ಕೆಯ ಚಿತ್ರ ಬಿಡಿಸುತ್ತಿದ್ದಾರಂತೆ, ವಿಜ್ಞಾನದ ಪಾಠವನ್ನು ಚಿತ್ರಕಲೆಗೆ ಜೋಡಿಸುತ್ತಿದ್ದಾರಂತೆ, ರಜೆ ಮುಗಿದ ಮೇಲೆ ಎಲ್ಲರಿಗೂ ತೋರಿಸುತ್ತಾರಂತೆ. ನನಗೆ ಆ ಫೋನಿನೊಳಗೆ ಕೈ ಹಾಕಿ ಅವರ ಕಿವಿ ಹಿಂಡಬೇಕು ಎನ್ನಿಸಿತು.

ಮೊಳೆ ಪರೀಕ್ಷೆಗೆ ಕೂತಳು. ಮೇಡಂ ಅವಳ ತಾಯಿಯ ಮುಂದೆ ತಪ್ಪಾಯಿತು ಎಂದರು. ಚೆನ್ನಾಗಿ ಹೇಳಲು ಬರಲಿಲ್ಲ, ಆದರೂ ಹೇಳಿದರು. ಬೀದಿಯವರು ಮಾತ್ರ ‘ಬೆಂಕಿಯಿಲ್ಲದೆ ಹೊಗೆಯಾಡುತ್ತಾ’ ಎಂದು ಇನ್ನೂ ಕೆಲವು ದಿನ ಗೊಣಗಿ, ಬೇರೆ ಸುದ್ದಿ ಸಿಕ್ಕಿದ ಮೇಲೆ ಬಿಟ್ಟರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇವನು ಅಂಗಡಿಯಲ್ಲಿ ಸುಮ್ಮನೆ ಕೂರತೊಡಗಿದ. ಅರದ ಸದ್ದಿಲ್ಲ, ಕೆಮ್ಮಿಲ್ಲ. ಒಂದು ದಿನ ಹಲಗೆಯ ಆಚೆಯಿಂದ ಕೇಳಿದ, ‘ಅಕ್ಕಾ, ಆ ಹುಡುಗ ಅವತ್ತು ಟ್ರಂಕು ಅಂದಿದ್ದ, ಅಲ್ವಾ?’

‘ಅಮ್ಮನ ಟ್ರಂಕು ಅಂದಿದ್ದ.’

‘ನಿಜ ಇದ್ದಿರಬಹುದು ಅನ್ನಿಸುತ್ತೆ.’

‘ಈಗ ಅನ್ನಿಸಿತಾ ನಿನಗೆ?’ ಎಂದೆ. ಬೈಯಬೇಕು ಎಂದೇ ಬಾಯಿ ತೆರೆದವಳು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಅವನು, ಮೊಳೆ, ನಾನು ಮೂವರೂ ಬೀದಿಯ ಕೊನೆಗೆ ಹೋದೆವು. ಸೈಕಲ್ ರಿಪೇರಿಯವನು ಚಕ್ರವೊಂದನ್ನು ತಿರುಗಿಸುತ್ತಿದ್ದ. ನಮ್ಮನ್ನು ಕಂಡು ಆಕಾಶ ನೋಡಿದ.

‘ಆ ಟ್ರಂಕು ಇದೆಯೇನಪ್ಪಾ?’ ಎಂದ ಇವನು.

ಸೈಕಲ್ಲಿನವನು ಚಕ್ರ ನಿಲ್ಲಿಸಿದ. ಎದ್ದು ಕೈ ಒರೆಸಿಕೊಂಡು ಅಂಗಡಿಯ ಹಿಂದಿದ್ದ ಮನೆಯ ಕಡೆ ನಡೆದ. ಒಳಗೆ ಕಿಟಕಿಯ ಪಕ್ಕ ಅವನ ತಾಯಿ ಕೂತಿದ್ದಳು. ಅವಳ ಮಂಚದ ಕೆಳಗೆ ತಗಡಿನ ಟ್ರಂಕು. ಅದಕ್ಕೆ ಹಿತ್ತಾಳೆಯ ಬೀಗ. ಇವತ್ತಿಗೂ ಹಾಕಿದ ಹಾಗೇ ಇತ್ತು.

‘ಮುರಿಯೋಕೆ ಬಿಡಲಿಲ್ಲ ಅಮ್ಮ’ ಎಂದ ಸೈಕಲ್ಲಿನವನು.

‘ಯಾಕೆ ಬಿಡಲಿ?’ ಎಂದಳು ಮುದುಕಿ. ‘ಬೀಗ ಮುರಿದು ತೆಗೆದ್ರೆ ನನ್ನ ಮಗ ಹೇಳಿದ್ದು ನಿಜ ಅನ್ನೋದಕ್ಕೆ ಸಾಕ್ಷಿ ಎಲ್ಲಿರ್ತಿತ್ತು? ಅವನನ್ನ ಕಳ್ಳ ಅಂದೋನೇ ಬಂದು ನೋಡಲಿ ಅಂತ ಇಟ್ಟಿದ್ದೆ. ಬರೋಕೆ ಇಷ್ಟು ವರ್ಷ ಬೇಕಾಯ್ತಾ?’

ಇವನು ಟ್ರಂಕಿನ ಮುಂದೆ ನೆಲದ ಮೇಲೆ ಕೂತ. ಬೀಗ ಮುಟ್ಟಿ ನೋಡಿದ. ಅವನೇ ತೆಗೆಯುತ್ತಾನೆ, ಅಥವಾ ಮೊಳೆಯ ಕೈಗೆ ಕೊಡುತ್ತಾನೆ ಎಂದು ನಾನು ಕಾದೆ. ಅವನು ಚೀಲದಿಂದ ಹಲ್ಲಿಲ್ಲದ ಕೀ ತೆಗೆದು, ತಾನೇ ಮಸಿ ಹಿಡಿಸಿ, ಅರದ ಜೊತೆ ಸೈಕಲ್ಲಿನವನ ಕಡೆ ಚಾಚಿದ.

‘ತೂರಿಸಿ ತಿರುಗಿಸು’ ಎಂದ. ‘ಎಲ್ಲಿ ಹೊಳೀತಿದೆ ನೋಡು.’

ಸೈಕಲ್ಲಿನವನು ನೋಡಿದ.

‘ಅಲ್ಲಿ ಅರ ಹಾಕಪ್ಪಾ. ಹೊಳೆದ ಕಡೆಯೇ ಹಾಕಬೇಕು.’